ಮನೆ ಎಳೆದುಕೊಂಡು ಹೊರಟವರು

ಹೋದ ವರ್ಷ ಜುಲೈನಲ್ಲಿ ಮಿಶಿಗನ್‌ನಿಂದ ಅಕ್ಕ ವಾಟ್ಸಾಪ್‌ಗೆ ಒಂದು ಫೋಟೊ ಹಾಕಿದಳು. ಮನೆಯ ಮುಂದೆ ಅವರ ಎಸ್‌ಯುವಿ, ಅದರ ಹಿಂದೆ ದೊಡ್ಡದೊಂದು ಬಿಳಿ ಟ್ರಾವೆಲ್ ಟ್ರೇಲರ್. ಮಂಚ, ಅಡುಗೆಮನೆ, ಬಚ್ಚಲು ಎಲ್ಲ ಇರುವ, ಗಾಲಿಯ ಮೇಲಿನ ಮನೆ. ಯಾರೋ ಬಳಸಿದ್ದನ್ನು ಭಾವ ಕೊಂಡಿದ್ದರು. ಅದರ ಹಿಂತುದಿಗೆ ನಾಲ್ಕು ಸೈಕಲ್ಲುಗಳನ್ನು ಕಟ್ಟಿದ್ದರು. ಮಕ್ಕಳಿಬ್ಬರೂ ಬಾಗಿಲಲ್ಲಿ ನಿಂತು ಹಲ್ಲು ಕಿರಿಯುತ್ತಿದ್ದರು. ನಾನು ಹೃದಯದ ಚಿಹ್ನೆಯೊಂದನ್ನು ಒತ್ತಿ ನನ್ನ ಕೆಲಸಕ್ಕೆ ಮರಳಿದೆ.

ಆಗ ನನ್ನ ಕೆಲಸ ಏನಾಗಿತ್ತು ಎಂಬುದನ್ನು ಹೇಳಬೇಕು. ಎರಡನೆಯ ಮಹಾಯುದ್ಧದ ನಂತರದ ಅಮೆರಿಕದ ಕಾದಂಬರಿ, ಸಿನಿಮಾಗಳಲ್ಲಿ ರಸ್ತೆ ಹೇಗೆ ಬರುತ್ತದೆ ಎಂಬುದರ ಮೇಲೆ ನಾನು ಪಿಎಚ್.ಡಿ. ಮಾಡುತ್ತಿದ್ದೇನೆ. ಆ ವಾರ ಬರೆಯುತ್ತಿದ್ದುದು 1954ರ ‘ದಿ ಲಾಂಗ್, ಲಾಂಗ್ ಟ್ರೇಲರ್’ ಎಂಬ ಹಾಸ್ಯ ಚಿತ್ರದ ಬಗ್ಗೆ. ಅಂದರೆ ಕಾರಿನ ಹಿಂದೆ ಮನೆ ಕಟ್ಟಿಕೊಂಡು ಹೊರಟ ದಂಪತಿಯ ಕಥೆಯ ಬಗ್ಗೆಯೇ.

ಮೂರನೆಯ ದಿನ ರಾತ್ರಿ ಅಕ್ಕನ ಫೋನು. ದನಿ ನಡುಗುತ್ತಿತ್ತು. “ಯಾರಿಗೂ ಏನೂ ಆಗಿಲ್ಲ, ಅಮ್ಮಂಗೆ ಹೇಳ್ಬೇಡ” ಎಂದೇ ಮಾತು ಶುರು ಮಾಡಿದಳು. ಹೆದ್ದಾರಿಯ ಇಳಿಜಾರಿನಲ್ಲಿ ದೊಡ್ಡ ಲಾರಿಯೊಂದು ಪಕ್ಕದಲ್ಲಿ ಹಾದುಹೋಗಿದೆ. ಅದರ ಗಾಳಿಗೆ ಟ್ರೇಲರಿನ ಬಾಲ ಒಂದಿಷ್ಟು ಅಲುಗಿದೆ. ಆ ಅಲುಗಾಟ ನಿಲ್ಲುವ ಬದಲು ಎಡಕ್ಕೂ ಬಲಕ್ಕೂ ಬೆಳೆಯುತ್ತ ಹೋಗಿ ಕೊನೆಗೆ ಕಾರನ್ನೇ ತೂಗತೊಡಗಿದೆ. ಭಾವ ಬ್ರೇಕ್ ಒತ್ತಿದರೆ ಅದು ಇನ್ನೂ ಜಾಸ್ತಿಯಾಗಿದೆ. ಹೇಗೋ ರಸ್ತೆಯ ಅಂಚಿಗೆ ಬಂದು ನಿಂತಾಗ ಟ್ರೇಲರ್ ಅಡ್ಡ ತಿರುಗಿತ್ತಂತೆ. “ನಾಯಿ ಬಾಲ ಅಲ್ಲಾಡಿಸುತ್ತೆ ಅಂತೀವಲ್ಲ, ಬಾಲವೇ ನಾಯಿನ ಅಲ್ಲಾಡಿಸಿದ ಹಾಗಿತ್ತು ಕಣೋ” ಎಂದಳು.

ಫೋನಿಟ್ಟ ಮೇಲೆ ಆ ಫೋಟೊವನ್ನು ಮತ್ತೆ ತೆಗೆದು ನೋಡಿದೆ. ಹಿಂತುದಿಯಲ್ಲಿ ನಾಲ್ಕು ಸೈಕಲ್ಲು. ಅದು ತಪ್ಪು ಎಂದು ತಿಳಿಯಲು ಬೇಕಾದುದೆಲ್ಲ ನನ್ನ ಟಿಪ್ಪಣಿಗಳಲ್ಲೇ ಇತ್ತು. ನಾನು ಅದನ್ನು ಇತಿಹಾಸವೆಂದು ಓದಿದ್ದೆ. ಅಕ್ಕನ ಮನೆಗೆ ಬೇಕಾಗುವ ತಿಳಿವಳಿಕೆ ಎಂದು ಓದಿರಲಿಲ್ಲ. ಹಾಗಾಗಿ ಈ ಇತಿಹಾಸವನ್ನು ಇನ್ನೊಮ್ಮೆ, ಬೇರೆ ಕಡೆಯಿಂದ ಹೇಳುತ್ತೇನೆ.

ವಿಹಾರಕ್ಕೆಂದೇ ಗಾಡಿಮನೆ ಮಾಡಿಸಿಕೊಂಡವರಲ್ಲಿ ಮೊದಲಿಗನೆಂದು ಹೆಸರಾದವನು ಸ್ಕಾಟ್ಲೆಂಡಿನ ಗಾರ್ಡನ್ ಸ್ಟೇಬಲ್ಸ್. ನೌಕಾಪಡೆಯಲ್ಲಿ ವೈದ್ಯನಾಗಿದ್ದು, ನಿವೃತ್ತನಾದ ಮೇಲೆ ಹುಡುಗರಿಗಾಗಿ ಸಾಹಸದ ಕಥೆ ಬರೆಯುತ್ತಿದ್ದ. 1885ರಲ್ಲಿ ಬ್ರಿಸ್ಟಲ್‌ನ ವ್ಯಾಗನ್ ಕಾರ್ಖಾನೆಯೊಂದರಲ್ಲಿ ‘ವಾಂಡರರ್’ ಎಂಬ ಗಾಡಿ ಮಾಡಿಸಿದ. ರೋಮಾ ಜನರ ಗಾಡಿಗಳೇ ಅದಕ್ಕೆ ಪ್ರೇರಣೆ. ಸುಮಾರು ಎರಡು ಟನ್ ತೂಕದ ಅದನ್ನು ಎರಡು ಕುದುರೆಗಳು ಎಳೆಯುತ್ತಿದ್ದವು. ಅವನ ಸೇವಕ ಮೂರು ಚಕ್ರದ ಸೈಕಲ್ ತುಳಿಯುತ್ತ ಮುಂದೆ ಮುಂದೆ ಹೋಗಿ ದಾರಿ ನೋಡಿಕೊಂಡು ಬರುತ್ತಿದ್ದ. ದೊಡ್ಡ ಗಾಡಿಗೆ ಎದುರಿನ ತಿರುವು, ದಿಣ್ಣೆ, ಇಳಿಜಾರು ಮುಂಚೆಯೇ ಗೊತ್ತಿರಬೇಕು ಎಂಬ ಪಾಠ ಅಷ್ಟು ಹಳೆಯದು. ಕುದುರೆಯ ವೇಗದಲ್ಲಿ ಬಾಲ ತೂಗುವ ಭಯವಿರಲಿಲ್ಲ. ಇದ್ದ ಭಯ ಇಳಿಜಾರಿನಲ್ಲಿ ಗಾಡಿ ಕುದುರೆಗಳನ್ನು ನೂಕುವುದು. ನಿಲ್ಲಿಸುವ ಕಷ್ಟ ಆಗಲೇ ಶುರುವಾಗಿತ್ತು.

ಅಮೆರಿಕದಲ್ಲಿ ಕುದುರೆಯ ಜಾಗಕ್ಕೆ ಕಾರು ಬಂತು. 1914ರಲ್ಲಿ ಡೆಟ್ರಾಯಿಟ್‌ನ ಕಮ್ಮಾರ ಆಗಸ್ಟ್ ಫ್ರುಹಾಫ್, ಮರದ ವ್ಯಾಪಾರಿಯೊಬ್ಬನ ದೋಣಿ ಸಾಗಿಸಲು ಫೋರ್ಡ್ ಮಾಡೆಲ್ ಟಿ ಕಾರಿಗೆ ಒಂದು ಟ್ರೇಲರ್ ಜೋಡಿಸಿಕೊಟ್ಟ. ಇಂದಿನ ದೊಡ್ಡ ಲಾರಿ ಟ್ರೇಲರುಗಳ ವಂಶ ಅಲ್ಲಿಂದ ಬೆಳೆಯಿತು. 1919ರಲ್ಲಿ ಫ್ಲಾರಿಡಾದ ಟ್ಯಾಂಪಾದಲ್ಲಿ ‘ಟಿನ್ ಕ್ಯಾನ್ ಟೂರಿಸ್ಟ್ಸ್’ ಎಂಬ ಸಂಘ ಹುಟ್ಟಿತು. ಕಾರಿನಲ್ಲಿ ಡೇರೆ, ಪಾತ್ರೆ, ಡಬ್ಬಿ ಊಟ ತುಂಬಿಕೊಂಡು ಚಳಿಗಾಲ ಕಳೆಯಲು ಬರುತ್ತಿದ್ದವರು ಅವರು.

1929ರಲ್ಲಿ ಆರ್ಥರ್ ಶರ್ಮನ್ ಎಂಬ ಸೂಕ್ಷ್ಮಜೀವಿ ವಿಜ್ಞಾನಿ, ಕೆಲವೇ ನಿಮಿಷಗಳಲ್ಲಿ ಬಿಚ್ಚಿ ನಿಲ್ಲಿಸಬಹುದು ಎಂದು ಮಾರುತ್ತಿದ್ದ ಡೇರೆ ಟ್ರೇಲರೊಂದನ್ನು ಕೊಂಡ. ಕುಟುಂಬದೊಂದಿಗೆ ಹೋದ ಮೊದಲ ರಾತ್ರಿಯೇ ಮಳೆ. ಡೇರೆ ಬಿಚ್ಚಿ ಮುಗಿಯುವಷ್ಟರಲ್ಲಿ ಎಲ್ಲರೂ ತೊಯ್ದು ತೊಪ್ಪೆ. ಊರಿಗೆ ಮರಳಿದವನು ಗಟ್ಟಿ ಗೋಡೆಯ ಒಂದು ಪೆಟ್ಟಿಗೆಯನ್ನೇ ಮಾಡಿಸಿದ. ಅದಕ್ಕೆ ‘ಕವರ್ಡ್ ವ್ಯಾಗನ್’ ಎಂದು ಹೆಸರಿಟ್ಟವರು ಮಕ್ಕಳು. 1936ರ ಹೊತ್ತಿಗೆ ಅವನ ಕಂಪನಿಯೇ ಅಮೆರಿಕದ ಅತಿ ದೊಡ್ಡ ಟ್ರೇಲರ್ ತಯಾರಕ. ಇನ್ನು ಇಪ್ಪತ್ತು ವರ್ಷದಲ್ಲಿ ಅಮೆರಿಕದ ಅರ್ಧ ಜನ ಟ್ರೇಲರಿನಲ್ಲೇ ಬದುಕುತ್ತಾರೆ ಎಂದು ರೋಜರ್ ಬಾಬ್ಸನ್ ಎಂಬ ಪ್ರಸಿದ್ಧ ಅರ್ಥ ಪಂಡಿತ ಭವಿಷ್ಯ ನುಡಿದದ್ದು ಈ ದಶಕದಲ್ಲೇ. ಹಾಗೇನೂ ಆಗಲಿಲ್ಲ. ಆ ರಸ್ತೆ ಎಲ್ಲರಿಗೂ ಸಮನಾಗಿ ತೆರೆದಿರಲೂ ಇಲ್ಲ. ಕರಿಯ ಪ್ರಯಾಣಿಕರಿಗೆ ಎಲ್ಲಿ ಊಟ ಕೊಡುತ್ತಾರೆ, ಎಲ್ಲಿ ತಂಗಲು ಬಿಡುತ್ತಾರೆ ಎಂದು ತಿಳಿಸುವ ವಿಕ್ಟರ್ ಗ್ರೀನ್‌ನ ‘ಗ್ರೀನ್ ಬುಕ್’ ಮೊದಲು ಅಚ್ಚಾದದ್ದೂ 1936ರಲ್ಲೇ.

ಈ ಕಾಲದ ಟ್ರೇಲರುಗಳ ಬಗ್ಗೆ ಓದುವಾಗ ಒಂದು ಸಂಗತಿ ನನ್ನ ಗಮನ ಸೆಳೆದಿತ್ತು. ಅವುಗಳನ್ನು ತಿದ್ದಿದವರಲ್ಲಿ ವಿಮಾನದವರು ಬಹಳ. ವಿಮಾನಯಾನದ ಆದ್ಯರಲ್ಲಿ ಒಬ್ಬನಾದ ಗ್ಲೆನ್ ಕರ್ಟಿಸ್ 1920ರ ದಶಕದ ಕೊನೆಯಲ್ಲಿ ಫ್ಲಾರಿಡಾದಲ್ಲಿ ‘ಏರೊಕಾರ್’ ಎಂಬ ಟ್ರೇಲರ್ ಮಾಡಿದ. ಅದರ ಕೊಂಡಿಯನ್ನು ಕಾರಿನ ಬಂಪರಿಗೆ ಸಿಕ್ಕಿಸದೆ, ಕಾರಿನೊಳಗೇ ಮಲಗಿಸಿಟ್ಟ ಒಂದು ಟಯರಿನ ಮಧ್ಯಕ್ಕೆ ಕೂರಿಸಿದ. ಹಾಲಿ ಬೌಲಸ್ ಎಂಬವನು ಚಾರ್ಲ್ಸ್ ಲಿಂಡ್‌ಬರ್ಗ್ ಅಟ್ಲಾಂಟಿಕ್ ದಾಟಿದ ‘ಸ್ಪಿರಿಟ್ ಆಫ್ ಸೇಂಟ್ ಲೂಯಿಸ್’ ವಿಮಾನ ಕಟ್ಟುವ ಕೆಲಸದ ಮೇಲ್ವಿಚಾರಕನಾಗಿದ್ದ. ಅವನು 1934ರಲ್ಲಿ ಅಲ್ಯೂಮಿನಿಯಂ ತಗಡಿನ ‘ರೋಡ್ ಚೀಫ್’ ಮಾಡಿದ. ಅದರ ಬಾಗಿಲು ಮುಂದೆ, ಕೊಂಡಿಯ ಮೇಲೆಯೇ ಇತ್ತು. ಒಳಹೋಗುವವರು ಕಬ್ಬಿಣ ದಾಟಿಕೊಂಡೇ ಹೋಗಬೇಕು. ಬೌಲಸ್‌ನ ವ್ಯಾಪಾರ ಮುಳುಗಿದ ಮೇಲೆ ವಾಲಿ ಬಯಮ್ ಎಂಬವನು ಆ ಬಾಗಿಲನ್ನು ಪಕ್ಕಕ್ಕೆ ಸರಿಸಿ, 1936ರಲ್ಲಿ ‘ಏರ್‌ಸ್ಟ್ರೀಮ್ ಕ್ಲಿಪ್ಪರ್’ ಎಂದು ಮಾರಿದ.

ಮೂರನೆಯವನು ವಿಸ್ಕಾನ್ಸಿನ್‌ನ ಎ. ಪಿ. ವಾರ್ನರ್. ಕಾರಿನ ವೇಗಮಾಪಕ ಮಾಡಿ ಹಣವಂತನಾದವನು. 1909ರಲ್ಲೇ ಕರ್ಟಿಸ್‌ನಿಂದ ವಿಮಾನ ಕೊಂಡು ಹಾರಿಸಿದ್ದ. 1927ರಲ್ಲಿ ಅವನು ಶುರು ಮಾಡಿದ ಕಂಪನಿ ತಯಾರಿಸಿದ್ದು ಟ್ರೇಲರಿನ ಗಾಲಿಗಳಿಗೆ ವಿದ್ಯುತ್ ಬ್ರೇಕ್. ಈ ಮೂವರಲ್ಲಿ ಅಕ್ಕನ ಕುಟುಂಬದ ಮಟ್ಟಿಗೆ ಬಹು ದೊಡ್ಡ ಉಪಕಾರಿ ಯಾರೆಂದು ಕೇಳಿದರೆ ನಾನು ಇವನ ಹೆಸರನ್ನೇ ಹೇಳುತ್ತೇನೆ. ಏಕೆಂದು ಮುಂದೆ ಬರುತ್ತದೆ.

ವಿಮಾನದವರೇ ಏಕೆ? ಹಗುರವಾಗಿಯೂ ಗಟ್ಟಿಯಾಗಿಯೂ ಕಟ್ಟುವುದು ಅವರಿಗೆ ಗೊತ್ತಿತ್ತು ಎಂಬುದು ಸಾಮಾನ್ಯವಾಗಿ ಕೊಡುವ ಉತ್ತರ. ಅವರಿಗೆ ಗೊತ್ತಿದ್ದ ಇನ್ನೊಂದು ವಿಷಯವೂ ಇದೆ. ಎಷ್ಟು ಭಾರ ಎಂಬುದಷ್ಟೇ ಅಲ್ಲ, ಭಾರ ಎಲ್ಲಿದೆ ಎಂಬುದೂ ಮುಖ್ಯ. ವಿಮಾನದಲ್ಲಿ ತೂಕ ಅತಿಯಾಗಿ ಹಿಂದಕ್ಕೆ ಸರಿದರೆ ಅದು ಪೈಲಟ್‌ನ ಕೈ ಮೀರುತ್ತದೆ. ಟ್ರೇಲರಿನ ಗುಣವೂ ಹಾಗೆಯೇ.

ಇದು ನಮ್ಮೂರಿನವರಿಗೂ ಗೊತ್ತಿದ್ದ ವಿಷಯ. ಮದ್ದೂರಿನ ಹತ್ತಿರದ ನಮ್ಮ ಹಳ್ಳಿಯಲ್ಲಿ ಅಜ್ಜ ಗಾಡಿಗೆ ಹುಲ್ಲು ಹೇರುವಾಗ ನಡುನಡುವೆ ಇಳಿದು ಬಂದು, ಮೂಕಿಯನ್ನು ಕೈಯಲ್ಲಿ ಎತ್ತಿ ನೋಡುತ್ತಿದ್ದರು. ಸಲೀಸಾಗಿ ಮೇಲೆದ್ದರೆ ಹಿಂಭಾರ. ಎತ್ತಲಾಗದಷ್ಟು ಒತ್ತಿದರೆ ಮುಂಭಾರ. “ಮುಂಭಾರ ಆದ್ರೆ ಎತ್ತಿನ ಹೆಗಲು ಸವೀತದೆ, ಹಿಂಭಾರ ಆದ್ರೆ ಕೊರಳು ಬಿಗೀತದೆ. ಒಸಿ ಮುಂಭಾರನೇ ಇರ್ಬೇಕು ಕಣ್ ಮಗ” ಎನ್ನುತ್ತಿದ್ದರು. ಟ್ರೇಲರ್ ಎಳೆಯುವವರಿಗೆ ಅಮೆರಿಕದ ಕೈಪಿಡಿಗಳು ಹೇಳುವುದೂ ಇದನ್ನೇ, ಅಂಕಿಯ ಭಾಷೆಯಲ್ಲಿ. ಟ್ರೇಲರಿನ ಒಟ್ಟು ತೂಕದಲ್ಲಿ ಶೇಕಡಾ 10ರಿಂದ 15ರಷ್ಟು ಕೊಂಡಿಯ ಮೇಲೆ ಬೀಳಬೇಕು. ಅಲ್ಲಿ ಮೂಕಿಗೆ ‘ನಾಲಿಗೆ’ ಎನ್ನುತ್ತಾರೆ, ಈ ಭಾರಕ್ಕೆ ನಾಲಿಗೆಯ ಭಾರ ಎಂದೇ ಹೆಸರು. ಎತ್ತಿನಗಾಡಿಗೂ ಟ್ರೇಲರಿಗೂ ವ್ಯತ್ಯಾಸ ವೇಗದಲ್ಲಿದೆ. ಹಿಂಭಾರದ ಗಾಡಿ ನಿಧಾನಕ್ಕೆ ಹೋಗುವಾಗ ಎತ್ತಿಗೆ ತೊಂದರೆ ಕೊಡುತ್ತದೆ, ಅಷ್ಟೆ. ಹಿಂಭಾರದ ಟ್ರೇಲರ್ ಒಂದು ವೇಗದವರೆಗೆ ಸುಮ್ಮನಿರುತ್ತದೆ. ಅದು ದಾಟಿದರೆ ಸಣ್ಣ ಅಲುಗಾಟವೂ ತಾನಾಗಿ ಬೆಳೆಯುತ್ತದೆ. ಆ ವೇಗ ಎಷ್ಟೆಂದು ಮುಂಚೆ ಹೇಳುವವರು ಯಾರೂ ಇಲ್ಲ. ಲಾರಿಯೊಂದು ಪಕ್ಕದಲ್ಲಿ ಹಾದಾಗಲೇ ಗೊತ್ತಾಗುವುದು.

ಭಾವ ಮಾಡಿದ ತಪ್ಪು ಸೋಮಾರಿತನದ್ದಲ್ಲ. ಅವರು ಸಾಫ್ಟ್‌ವೇರ್ ಎಂಜಿನಿಯರ್, ಎಲ್ಲವನ್ನೂ ಓದಿ ಮಾಡುವವರು. ಟ್ರೇಲರ್ ಸಿಕ್ಕಿಸಿದೊಡನೆ ಕಾರಿನ ಹಿಂಭಾಗ ಕುಸಿಯಿತು, ಮೂತಿ ಮೇಲೆದ್ದಿತು. ಅದು ಸರಿಯಲ್ಲ ಎಂದು ಅವರಿಗೆ ತೋಚಿದ್ದು ಸರಿಯೇ. ಮುಂದಿನ ಗಾಲಿಗಳ ಮೇಲಿನ ಒತ್ತಡ ಕಡಿಮೆಯಾದರೆ ಸ್ಟಿಯರಿಂಗ್ ಹಿಡಿತ ತಪ್ಪುತ್ತದೆ. ಅದಕ್ಕೆ ಅವರು ಮಾಡಿದ ಪರಿಹಾರ, ಟ್ರೇಲರಿನ ಮುಂದಿದ್ದ ಸಾಮಾನನ್ನೆಲ್ಲ ಹಿಂದಕ್ಕೆ ಸಾಗಿಸಿದ್ದು. ಅಕ್ಕಿ ಚೀಲ, ನೀರಿನ ಕ್ಯಾನು, ಕುರ್ಚಿ ಎಲ್ಲ ಹಿಂದಕ್ಕೆ ಹೋದವು. ಸೈಕಲ್ಲುಗಳಂತೂ ಹಿಂತುದಿಯ ಆಚೆ. ಕಾರು ನೆಟ್ಟಗೆ ನಿಂತಿತು. ನೋಡಲು ಎಲ್ಲ ಸರಿಯಾಯಿತು. ಅಜ್ಜನ ಮಾತಿನಲ್ಲಿ ಹೇಳುವುದಾದರೆ, ಹೆಗಲು ಉಳಿಸಲು ಹೋಗಿ ಕೊರಳು ಬಿಗಿದರು.

ಈ ಇಕ್ಕಟ್ಟಿಗೆ ಯುದ್ಧಾನಂತರದ ಅಮೆರಿಕ ಕಂಡುಕೊಂಡ ಉತ್ತರ ಬೇರೆಯೇ. ಸಾಮಾನನ್ನು ಹಿಂದೆ ಸರಿಸುವುದಲ್ಲ, ಕೊಂಡಿಯ ಎರಡೂ ಬದಿಗೆ ಸ್ಪ್ರಿಂಗ್ ಉಕ್ಕಿನ ಸರಳುಗಳನ್ನು ಹಾಕಿ ಸರಪಳಿಯಿಂದ ಬಿಗಿಯುವುದು. ಗಾರೆ ಕೆಲಸದವರು ಕೈಗಾಡಿಯ ಎರಡು ಹಿಡಿಗಳನ್ನು ಎತ್ತಿದ ಹಾಗೆ ಈ ಸರಳುಗಳು ಕಾರಿನ ಹಿಂಭಾಗವನ್ನು ಎತ್ತುತ್ತವೆ. ಆಗ ಹಿಂದಿನ ಗಾಲಿಗಳ ಮೇಲಿದ್ದ ಹೊರೆಯ ಒಂದು ಪಾಲು ಕಾರಿನ ಮುಂದಿನ ಗಾಲಿಗಳಿಗೂ ಇನ್ನೊಂದು ಪಾಲು ಟ್ರೇಲರಿನ ಗಾಲಿಗಳಿಗೂ ಹಂಚಿಹೋಗುತ್ತದೆ. ಸಾಮಾನು ಇದ್ದಲ್ಲೇ ಇರುತ್ತದೆ, ಮುಂಭಾರ ಉಳಿಯುತ್ತದೆ, ಕಾರೂ ನೆಟ್ಟಗಾಗುತ್ತದೆ. ಭಾವನ ಟ್ರೇಲರಿಗೆ ಇದು ಇರಲಿಲ್ಲ. ಬರಿಯ ಗುಂಡು, ಬರಿಯ ಕೊಂಡಿ.

ಈಗ ವಾರ್ನರ್‌ನ ಬ್ರೇಕಿಗೆ ಬರೋಣ. ಏರ್‌ಸ್ಟ್ರೀಮ್ ಕಂಪನಿಯ ಒಂದು ಪ್ರಸಿದ್ಧ ಚಿತ್ರವಿದೆ. 1947ರಲ್ಲಿ ಆಲ್ಫ್ರೆಡ್ ಲೆಟೂರ್ನರ್ ಎಂಬ ಫ್ರೆಂಚ್ ಸೈಕಲ್ ಪಟು ತನ್ನ ಸೈಕಲ್ಲಿಗೆ ಇಡೀ ಟ್ರೇಲರನ್ನು ಕಟ್ಟಿಕೊಂಡು ಎಳೆದ. ಕಂಪನಿ ಅದನ್ನೇ ಬಹುಕಾಲ ತನ್ನ ಗುರುತಾಗಿ ಬಳಸಿಕೊಂಡಿತು. ಚಿತ್ರ ಸುಳ್ಳಲ್ಲ. ಸಮತಟ್ಟು ನೆಲದಲ್ಲಿ ಗಾಲಿಯ ಮೇಲಿನ ಭಾರವನ್ನು ಒಬ್ಬ ಮನುಷ್ಯ ಎಳೆಯಬಲ್ಲ. ಆದರೆ ಅದೇ ಸೈಕಲ್ ಸವಾರನನ್ನು ಇಳಿಜಾರಿನ ಮೇಲೆ ನಿಲ್ಲಿಸಿ ಎಂದು ಕೇಳಿದರೆ ಚಿತ್ರದ ಅರ್ಥವೇ ಬದಲಾಗುತ್ತದೆ. ಎಳೆಯುವುದು ಕಷ್ಟವಲ್ಲ, ನಿಲ್ಲಿಸುವುದು ಕಷ್ಟ. ಜಾಹೀರಾತಿನ ಇತಿಹಾಸ ಎಳೆಯುವವರದು. ಅಪಘಾತದ ಇತಿಹಾಸ ನಿಲ್ಲಿಸಲಾಗದವರದು.

ಟ್ರೇಲರ್ ತೂಗತೊಡಗಿದಾಗ ಕಾರಿನ ಬ್ರೇಕನ್ನು ಜೋರಾಗಿ ಒತ್ತಿದರೆ ಕಾರು ನಿಧಾನವಾಗುತ್ತದೆ, ಹಿಂದಿನ ಎರಡೂವರೆ ಟನ್ ಮುಂದಕ್ಕೆ ನೂಕುತ್ತದೆ, ಜೋಡಿ ಮಡಚಿಕೊಳ್ಳುತ್ತದೆ. ಮಾಡಬೇಕಾದುದು ಇದಕ್ಕೆ ಉಲ್ಟಾ. ಆಕ್ಸಿಲರೇಟರಿನಿಂದ ಮೆಲ್ಲಗೆ ಕಾಲು ತೆಗೆಯಬೇಕು, ಸ್ಟಿಯರಿಂಗನ್ನು ನೇರ ಹಿಡಿಯಬೇಕು, ಚಾಲಕನ ಕೈಗೆಟುಕುವ ಚಿಕ್ಕ ಸನ್ನೆಯಿಂದ ಟ್ರೇಲರಿನ ಬ್ರೇಕನ್ನು ಮಾತ್ರ ಹಾಕಬೇಕು. ಹಿಂದಿನಿಂದ ಯಾರೋ ಬಾಲ ಹಿಡಿದು ಎಳೆದಂತಾಗಿ ಜೋಡಿ ನೇರವಾಗುತ್ತದೆ. ಟ್ರೇಲರಿಗೆ ತನ್ನದೇ ವಿದ್ಯುತ್ ಬ್ರೇಕ್ ಇರುವುದರಿಂದ ಇದು ಸಾಧ್ಯ. ಆ ಸನ್ನೆ ಭಾವನ ಕಾರಿನಲ್ಲೂ ಇತ್ತು. ಆ ಕ್ಷಣದಲ್ಲಿ ಕೈ ಅಲ್ಲಿಗೆ ಹೋಗಲಿಲ್ಲ. ಯಾರ ಕೈಯೂ ಹೋಗುವುದಿಲ್ಲ, ಮೊದಲೇ ಖಾಲಿ ಜಾಗದಲ್ಲಿ ಅಭ್ಯಾಸ ಮಾಡಿರದಿದ್ದರೆ.

ನನ್ನ ಅಧ್ಯಾಯದ ಸಿನಿಮಾ ಇದನ್ನೆಲ್ಲ ನಗಿಸುತ್ತ ಹೇಳುತ್ತದೆ. ವಿನ್ಸೆಂಟ್ ಮಿನೆಲ್ಲಿಯ ನಿರ್ದೇಶನ. ನಿಜಜೀವನದಲ್ಲೂ ದಂಪತಿಯಾಗಿದ್ದ ಲೂಸಿಲ್ ಬಾಲ್, ಡೆಸಿ ಅರ್ನಾಸ್ ಅದರ ಹೊಸ ಜೋಡಿ. ಟ್ರೇಲರ್ 36 ಅಡಿಯದು. ಹೆಂಡತಿ ಟೇಸಿ ದಾರಿಯುದ್ದಕ್ಕೂ ಪ್ರತಿ ಊರಿನ ನೆನಪಿಗೆಂದು ಒಂದೊಂದು ಕಲ್ಲು ಆರಿಸುತ್ತಾಳೆ. ಹಣ್ಣಿನ ಮುರಬ್ಬ ಮಾಡಿ ಭರಣಿಗಳಲ್ಲಿ ತುಂಬುತ್ತಾಳೆ. ಬೆಟ್ಟದ ದಾರಿ ಹಿಡಿಯುವ ಮೊದಲು ಗಂಡ ನಿಕಿ ಕಲ್ಲುಗಳನ್ನೆಲ್ಲ ಬಿಸಾಡಲು ಹೇಳುತ್ತಾನೆ. ಅವಳು ಬಿಸಾಡದೆ ಕಪಾಟುಗಳಲ್ಲಿ ಅಡಗಿಸಿಡುತ್ತಾಳೆ. ಏರಿನಲ್ಲಿ ಕಲ್ಲು, ಭರಣಿಗಳು ಉರುಳತೊಡಗುತ್ತವೆ. ಗಂಡ ಕಂಡುಹಿಡಿದು ಎಲ್ಲವನ್ನೂ ಪ್ರಪಾತಕ್ಕೆ ಎಸೆಯುತ್ತಾನೆ. ಮದುವೆಯೇ ಮುರಿಯುವ ಹಂತಕ್ಕೆ ಹೋಗುತ್ತದೆ.

ಈ ಕಲ್ಲುಗಳ ಬಗ್ಗೆ ನಾನು ಹನ್ನೊಂದು ಪುಟ ಬರೆದಿದ್ದೆ. ನೆನಪಿನ ಭಾರ, ದಾಂಪತ್ಯದ ರೂಪಕ, ಅಲೆದಾಟದ ನಡುವೆ ನೆಲೆಯ ಹಂಬಲ ಹೀಗೆಲ್ಲ. ಕರಡು ಓದಿದ ಗೈಡ್ ಮೇಡಂ ಅಂಚಿನಲ್ಲಿ ಪೆನ್ಸಿಲ್‌ನಿಂದ ಒಂದೇ ಪ್ರಶ್ನೆ ಬರೆದಿದ್ದರು: “ಕಲ್ಲುಗಳು ಎಷ್ಟು ತೂಗುತ್ತವೆ?” ಆಗ ನನಗೆ ಅದು ತಮಾಷೆಯಂತೆ ಕಂಡಿತ್ತು. ಅಕ್ಕನ ಫೋನಿನ ಬಳಿಕ ಅದೊಂದೇ ಸರಿಯಾದ ಪ್ರಶ್ನೆಯೆನಿಸಿತು. ಕಲ್ಲಿಗೆ ರೂಪಕವಾಗುವ ಮೊದಲು ತೂಕವಿದೆ. ಆ ತೂಕ ನಿಜವಾದುದರಿಂದಲೇ ಗಂಡನ ಸಿಟ್ಟಿಗೂ ಹೆಂಡತಿಯ ಹಟಕ್ಕೂ ಅರ್ಥವಿರುವುದು.

ತೂಕದ ಲೆಕ್ಕ ಯಾರು ಹೇಳುತ್ತಾರೆ ಎಂಬುದಕ್ಕೂ ಒಂದು ಇತಿಹಾಸವಿದೆ. ಆ ಸಿನಿಮಾದ ಕಾಲದ ಕುಟುಂಬದ ಕಾರು ಗಟ್ಟಿ ಚಾಸಿಯ ಮೇಲೆ ಕೂತ, ಉದ್ದನೆಯ, ಭಾರದ ಕಾರು. 1973ರ ತೈಲ ಬಿಕ್ಕಟ್ಟಿನ ನಂತರ ಕಾರುಗಳು ಹಗುರಾದವು, ಗಿಡ್ಡವಾದವು. ಎಂಜಿನ್ನಿನ ಬಲ ಮುಂದಿನ ಗಾಲಿಗೆ ಹೋಗುವ ಕಾರುಗಳು ಹೆಚ್ಚಿದವು. ಯಾವ ಕಾರು ಎಷ್ಟು ಎಳೆಯಬಲ್ಲದು ಎಂಬ ಅಂಕಿಯನ್ನು ಮಾತ್ರ ಪ್ರತಿ ಕಂಪನಿಯೂ ತನ್ನದೇ ಅಳತೆಗೋಲಿನಿಂದ ಹೇಳುತ್ತ ಬಂತು. ಎಲ್ಲರಿಗೂ ಒಂದೇ ಪರೀಕ್ಷೆ ಎಂಬ ‘ಜೆ2807’ ಎಂಬ ಮಾನದಂಡವನ್ನು ಅಮೆರಿಕದ ಆಟೊಮೋಟಿವ್ ಎಂಜಿನಿಯರುಗಳ ಸಂಘ ಪ್ರಕಟಿಸಿದ್ದು 2008ರಲ್ಲಿ. ಅರಿಜೋನಾದ ಡೇವಿಸ್ ಅಣೆಕಟ್ಟಿನಿಂದ ಮೇಲಕ್ಕೇರುವ 11.4 ಮೈಲಿಯ ದಾರಿ ಅದರ ಏರಿನ ಪರೀಕ್ಷೆಗೆ ಮಾದರಿ. ಮೊದಲು ಒಪ್ಪಿಕೊಂಡದ್ದು ಟೊಯೊಟಾ, 2011ರ ಮಾಡೆಲ್‌ಗಳಿಗೆ. ಆ ಪರೀಕ್ಷೆಗೆ ಇಳಿದಾಗ ಅದರ ಟಂಡ್ರಾ ಪಿಕಪ್‌ನ ಅಂಕಿ ಮೊದಲಿಗಿಂತ ಕಡಿಮೆಯಾಯಿತು. ಅಮೆರಿಕದ ದೊಡ್ಡ ಕಂಪನಿಗಳು ಬರಲು ಇನ್ನೂ ಕೆಲವು ವರ್ಷ ಹಿಡಿದವು.

ಆ ಮಾನದಂಡದಲ್ಲೂ ಒಂದು ಸಂಗತಿ ಓದಿ ನಾನು ಬೆಚ್ಚಿದೆ. ಸಾಮಾನ್ಯ ಕಾರುಗಳ ಮಟ್ಟಿಗೆ ಆ ಲೆಕ್ಕದಲ್ಲಿ ಕಾರಿನೊಳಗಿರುವವರು ಇಬ್ಬರೇ. ಚಾಲಕ ಮತ್ತು ಪಕ್ಕದಲ್ಲೊಬ್ಬರು, ತಲಾ 150 ಪೌಂಡು, ಅಂದರೆ 68 ಕಿಲೋ. ಕುಟುಂಬದ ಕಾರಿನ ಎಳೆಯುವ ಶಕ್ತಿಯನ್ನು ಹೇಳುವ ಅಂಕಿಯೊಳಗೆ ಹಿಂದಿನ ಸೀಟಿನ ಮಕ್ಕಳಿಗೆ ಜಾಗವಿಲ್ಲ.

ಮಾರನೆಯ ಭಾನುವಾರ ನಾನೂ ಭಾವನೂ ಫೋನಿನಲ್ಲಿ ಕೂತು ಲೆಕ್ಕ ಹಾಕಿದೆವು. ಕಾರು ಎಳೆಯಬಲ್ಲದ್ದೆಂದು ಕೈಪಿಡಿ ಹೇಳುವುದು 2,720 ಕಿಲೋ. ತುಂಬಿದ ಟ್ರೇಲರ್ ಸುಮಾರು 2,540. “ನೋಡು, ಒಳಗೇ ಇದೆ” ಎಂದರು ಭಾವ. “ಭಾವ, ಚಾಲಕನ ಬಾಗಿಲು ತೆಗೆದು ಅಲ್ಲಿರೋ ಸ್ಟಿಕರ್ ಓದಿ” ಎಂದೆ. ಕಾರು ತನ್ನ ಮೈಮೇಲೆ ಹೊರಬಲ್ಲ ಭಾರ 635 ಕಿಲೋ ಎಂದು ಅಲ್ಲಿತ್ತು. ಟ್ರೇಲರಿನ ಭಾರದಲ್ಲಿ ಶೇಕಡಾ 12 ಕೊಂಡಿಯ ಮೇಲೆ ಬಿದ್ದರೆ 305. ನಾಲ್ಕು ಜನ 220. ಕಾರಿನೊಳಗಿನ ಸಾಮಾನು 90. ಸರಳುಗಳ ಕೊಂಡಿ ಹಾಕಿಸಿದರೆ ಅದರದ್ದು 35. ಕೂಡಿದರೆ 650. ಎಳೆಯುವ ಅಂಕಿಯ ಒಳಗೇ ಇದ್ದೂ ಹೊರುವ ಅಂಕಿ ದಾಟಿತ್ತು. ಆ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲ. ಆಮೇಲೆ ಭಾವ ಮೆಲ್ಲಗೆ, “ನಿಂಗೆ ಇದೆಲ್ಲ ಮುಂಚೆನೇ ಗೊತ್ತಿತ್ತಾ?” ಎಂದು ಕೇಳಿದರು.

ಗೊತ್ತಿತ್ತು ಎಂದೆ. ಬೇರೆ ಏನು ಹೇಳಲಿ? ಓದಿದ್ದು ತಲೆಯಲ್ಲಿತ್ತು, ಫೋಟೊ ಕಣ್ಣೆದುರಿಗಿತ್ತು, ಎರಡನ್ನೂ ಸೇರಿಸಿ ನೋಡಲಿಲ್ಲ. ಸಂಶೋಧನೆ ಮಾಡುವವರಿಗೆ ಇದೊಂದು ರೋಗ. ವಸ್ತು ದೂರದ್ದಾದಷ್ಟೂ ಅದು ಯಾರ ಮನೆಯದ್ದೂ ಅಲ್ಲ ಎನಿಸತೊಡಗುತ್ತದೆ. ಟ್ರೇಲರಿನ ಇತಿಹಾಸವೆಂದರೆ ನನಗೆ ಅಮೆರಿಕದ ಹಳೆಯ ಪತ್ರಿಕೆಗಳ ಸ್ಕ್ಯಾನ್ ಪ್ರತಿಗಳಾಗಿತ್ತು. ಬಾಗಿಲಲ್ಲಿ ನಿಂತು ನಗುತ್ತಿದ್ದ ಇಬ್ಬರು ಮಕ್ಕಳು ಅದರೊಳಗೆ ಬರಬಹುದು ಎಂದು ಹೊಳೆದಿರಲಿಲ್ಲ.

ಅವರು ಟ್ರೇಲರ್ ಮಾರಲಿಲ್ಲ. ಸರಳುಗಳ ಕೊಂಡಿ ಹಾಕಿಸಿದರು. ಎರಡು ಸೈಕಲ್ಲು ಮನೆಯಲ್ಲೇ ಉಳಿದವು, ಇನ್ನೆರಡು ಟ್ರೇಲರಿನೊಳಗೆ ಗಾಲಿಗಳ ನೇರಕ್ಕೆ ಬಂದವು. ನೀರಿನ ಕ್ಯಾನುಗಳನ್ನು ಖಾಲಿ ಒಯ್ದು, ತಂಗುವ ಜಾಗದಲ್ಲಿ ತುಂಬಿಕೊಳ್ಳುವುದೆಂದಾಯಿತು. ಕಾರಿನೊಳಗಿನ ಸಾಮಾನು ಅರ್ಧಕ್ಕಿಳಿಯಿತು. ಶಾಪಿಂಗ್ ಮಾಲೊಂದರ ಖಾಲಿ ಜಾಗದಲ್ಲಿ ಭಾವ ಎರಡು ಬೆಳಗು ಆ ಚಿಕ್ಕ ಸನ್ನೆಯನ್ನು ಎಳೆದು ಅಭ್ಯಾಸ ಮಾಡಿದರು. ಅಕ್ಕನೂ ಕಲಿತಳು.

ಸೆಪ್ಟೆಂಬರಿನಲ್ಲಿ ಮತ್ತೆ ಹೊರಟಾಗ ಲಾರಿಗಳ ವೇಬ್ರಿಜ್‌ನಿಂದ ಫೋನು ಬಂತು. ಭಾವ ಒಂದೊಂದೇ ಅಂಕಿ ಓದುತ್ತಿದ್ದರು: ಮುಂದಿನ ಗಾಲಿ, ಹಿಂದಿನ ಗಾಲಿ, ಟ್ರೇಲರಿನ ಗಾಲಿ. ಹಿಂದಿನಿಂದ ಅಕ್ಕ, “ಒಸಿ ಮುಂಭಾರನೇ ಇದೆ ಅಂತ ಹೇಳಿ” ಎಂದು ಕೂಗಿದಳು. ಎದುರಿಗೆ ಅಧ್ಯಾಯದ ಕರಡು ಬಿಡಿಸಿಟ್ಟಿತ್ತು. ಬೇರೆ ಹಾಳೆ ಸಿಗದೆ ಆ ಅಂಕಿಗಳನ್ನು ಮೇಡಂ ಬರೆದ ಪ್ರಶ್ನೆಯ ಕೆಳಗೇ ಬರೆದುಕೊಂಡೆ.